ಸಿಟೆಕ್ ಎಂಎಕ್ಸ್‌ಎಸ್ 5.0: ನಿಂತ ಹಳೆ ಕಾರನ್ನು ಎಬ್ಬಿಸಲು ಈ ಚಾರ್ಜರ್ ಸಾಕೇ?

ವರ್ಷಗಟ್ಟಲೆ ನಿಂತ ಎಂಜಿನ್ ಸ್ಟಾರ್ಟ್ ಮಾಡುವ ಭಾರವೆಲ್ಲ ಬೀಳುವುದು ಬ್ಯಾಟರಿಯ ಮೇಲೆ. ಆಯಿಲ್ ಪ್ರೆಶರ್ ಬರುವ ತನಕ ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆಯಬೇಕು, ಆಮೇಲೆ ಬತ್ತಿದ ಕಾರ್ಬುರೇಟರ್‌ಗೆ ಪೆಟ್ರೋಲ್ ಏರುವ ತನಕ ಮತ್ತೆ ಹೊಡೆಯಬೇಕು. ಅರೆಬರೆ ಚಾರ್ಜ್ ಇದ್ದರೆ ಮೊದಲ ಹಂತದಲ್ಲೇ ಕಥೆ ಮುಗಿಯುತ್ತದೆ. ಆ ಲೆಕ್ಕದಲ್ಲಿ ಈ ಚಾರ್ಜರ್ ಒಳ್ಳೆಯ ಸಾಮಾನು, ಆದರೆ ಪವಾಡದ ಪೆಟ್ಟಿಗೆಯಲ್ಲ.

ಇದು ಕೊಡುವುದು ಹೆಚ್ಚೆಂದರೆ 5 ಆಂಪಿಯರ್. ಬರಿದಾದ 60 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿ ಶೇ 80ಕ್ಕೆ ಏರಲು ಸುಮಾರು 10ರಿಂದ 12 ಗಂಟೆ ಬೇಕು. ನಿಧಾನ ಎಂದು ಗೊಣಗುವುದು ಬೇಡ. ಬಹಳ ದಿನ ನಿಂತ ಬ್ಯಾಟರಿಗೆ ಜೋರು ಕರೆಂಟ್ ತುಂಬಿದರೆ ಅದು ಕಾದು, ಗ್ಯಾಸ್ ಬಿಟ್ಟು, ಪ್ಲೇಟ್ ಸೊಟ್ಟಗಾಗುತ್ತದೆ. ಮುಂಭಾಗದಲ್ಲಿ 8 ಹಂತಗಳ ದೀಪಗಳಿವೆ. 4ನೆಯದು ಹತ್ತಿದರೆ ಎಂಜಿನ್ ಸ್ಟಾರ್ಟ್ ಮಾಡುವಷ್ಟು ಚಾರ್ಜ್ ಇದೆ ಎಂದರ್ಥ, 7ನೆಯದು ಹತ್ತಿದರೆ ಪೂರ್ತಿ ತುಂಬಿದೆ. ನಮಗೆ ನಿಜವಾಗಿ ಬೇಕಾದದ್ದು 5ನೇ ಹಂತ. ಅಲ್ಲಿ ಚಾರ್ಜಿಂಗ್ ನಿಲ್ಲಿಸಿ, ಬ್ಯಾಟರಿ ವೋಲ್ಟೇಜ್ ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ನೋಡುತ್ತದೆ. ಅಲ್ಲಿ ಎಡವಿದ ಬ್ಯಾಟರಿಯನ್ನು ನಂಬಿ ಮುಂದೆ ಹೋಗಬೇಡಿ.

ದೊಡ್ಡ ಕೊರತೆ ಎಂದರೆ ವೋಲ್ಟೇಜ್ ಎಷ್ಟೆಂದು ತೋರಿಸುವುದಿಲ್ಲ. ಹಾಗಾಗಿ ಮಲ್ಟಿಮೀಟರ್ ಬೇಕೇ ಬೇಕು. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.6ರಿಂದ 12.7 ವೋಲ್ಟ್ ಬಂದರೆ ಸರಿ, 12.4 ಎಂದರೆ ಮುಕ್ಕಾಲು, 12ಕ್ಕಿಂತ ಕೆಳಗೆ ಎಂದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಎಳೆದೆಳೆದು ತಿರುಗಿದರೆ? ರಿಸ್ಟೋರ್ ಆದ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಹೊಸ ಪೇಂಟನ್ನು. ಬ್ಯಾಟರಿ, ಎಂಜಿನ್, ಬಾಡಿಗಳನ್ನು ಬೆಸೆಯುವ ಅರ್ಥ್ ಪಟ್ಟಿಯನ್ನು ಪೇಂಟ್ ಮೇಲೆಯೇ ಬೋಲ್ಟ್ ಮಾಡಿರುತ್ತಾರೆ. ಹೊರಗಿನಿಂದ ಫಳಫಳ, ಒಳಗೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿತೆಂದರೆ ಬೋಲ್ಟ್ ಬಿಚ್ಚಿ, ಪಟ್ಟಿ ಕೂರುವಷ್ಟು ಜಾಗವನ್ನು ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಈ ತಪ್ಪಿಗೆ ಎಷ್ಟೋ ಒಳ್ಳೆಯ ಬ್ಯಾಟರಿಗಳು ಗುಜರಿ ಸೇರಿವೆ.

ಚಾರ್ಜರಿನ ರೀಕಂಡ್ (ರೀಕಂಡಿಷನ್) ಎಂಬ ಗುಂಡಿಯನ್ನು ಅತಿಯಾಗಿ ನಂಬಬೇಡಿ. ಅದು 15.8 ವೋಲ್ಟ್ ಹಾಯಿಸಿ, ಒಳಗೆ ಪದರವಾಗಿ ತಂಗಿದ ಆಸಿಡ್ ಕಲಸುತ್ತದೆ. ಆಳವಾಗಿ ಡೌನ್ ಆಗಿದ್ದ, ಮುಚ್ಚಳ ತೆಗೆಯುವ ಬ್ಯಾಟರಿಗೆ ಉಪಯೋಗ ಉಂಟು. ಕಾರಿನಿಂದ ಇಳಿಸಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಗಾಳಿಯಾಡುವ ಕಡೆ ಇಟ್ಟು ಮಾಡಿ. ಗಟ್ಟಿ ಸಲ್ಫೇಟ್ (ಚಾರ್ಜ್ ಇಲ್ಲದೆ ಬಿಟ್ಟಾಗ ಕಟ್ಟುವ ಹರಳು) ಹಿಡಿದ ಪ್ಲೇಟಿಗೆ ಅದರಿಂದ ಪ್ರಯೋಜನವಿಲ್ಲ. 2 ವೋಲ್ಟಿಗಿಂತ ಕೆಳಗಿಳಿದ ಬ್ಯಾಟರಿಯನ್ನು ಚಾರ್ಜರ್ ಮುಟ್ಟುವುದೂ ಇಲ್ಲ. 6 ವೋಲ್ಟಿನ ಕಾರುಗಳಿಗೂ ಇದು ಆಗದು. 1960ರ ದಶಕದ ಮೊದಲರ್ಧದ ಬೀಟಲ್ ಇಟ್ಟುಕೊಂಡವರು ಬೇರೆ ಚಾರ್ಜರ್ ನೋಡಬೇಕು. ಪಾಸಿಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿದ, ಹಳೆ ಬ್ರಿಟಿಷ್ ಕಾರಿಗೆ ಧಾರಾಳವಾಗಿ ಬಳಸಬಹುದು. ಆದರೆ ಕಪ್ಪು ಕ್ಲಿಪ್ ಬಾಡಿಗೆ ಎಂಬ ರೂಢಿ ಅಲ್ಲಿ ತಲೆಕೆಳಗು. ಬ್ಯಾಟರಿ ಮೇಲಿನ ಪ್ಲಸ್, ಮೈನಸ್ ನೋಡಿಯೇ ಹಾಕಿ.

ಬ್ಯಾಟರಿ ತುಂಬಿತೆಂದು ನೇರ ಕೀ ತಿರುಗಿಸುವಂತಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೆ 5 ಮಿಲಿಲೀಟರ್ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕದೆ ನಿಲ್ಲಿಸಿ. ಟ್ಯಾಂಕಿನ ವಾಸನೆ ಕೆಟ್ಟ ಪೆಟ್ರೋಲ್ ಅಷ್ಟೊತ್ತಿಗೆ ಹೊರಗೆ ಹೋಗಿರಬೇಕು. ಚಾರ್ಜರಿನ ಮೇನ್ಸ್ ಮೊದಲು ತೆಗೆದು, ಆಮೇಲೆ ಕ್ಲಿಪ್ ಬಿಡಿಸಿ, ಕಿಡಿ ಹಾರದಂತೆ ಇಗ್ನಿಷನ್ ಕಾಯಿಲ್‌ಗೆ ಬರುವ ಲೋ ಟೆನ್ಷನ್ (ಸಣ್ಣ) ವೈರ್ ಕಳಚಿ. ಪ್ಲಗ್ ತೂತುಗಳ ಮೇಲೆ ಬಟ್ಟೆ ಹಾಸಿ, 10 ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ಕಂಪ್ರೆಷನ್ ಇಲ್ಲದ್ದರಿಂದ ಎಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗ್ ಮೇಲೂ ಹೊರೆಯಿಲ್ಲ. ಆಯಿಲ್ ದೀಪ ಆರಿದ ಮೇಲೆಯೇ ಪ್ಲಗ್ ಹಾಕಿ, ವೈರ್ ಕೊಡಿ. ಐದಾರು ಸಲ ಹೊಡೆದರೂ ದೀಪ ಆರದಿದ್ದರೆ ಆಯಿಲ್ ಪಂಪ್ ಒಣಗಿದೆ, ಅದಕ್ಕೆ ಆಯಿಲ್ ತುಂಬಿಸಿಯೇ ಮುಂದಿನ ಮಾತು.

ಎಂಜಿನ್ ಓಡಿತೆಂದು ಚಾರ್ಜರ್ ಎತ್ತಿಡಬೇಡಿ. ಆಲ್ಟರ್ನೇಟರ್ ಬದಲು ಹಳೆ ಕಾಲದ ಡೈನಮೋ ಇರುವ ಕಾರು ಐಡಲ್‌ನಲ್ಲಿ ಬಹುತೇಕ ಚಾರ್ಜ್ ಮಾಡುವುದೇ ಇಲ್ಲ. ಸೆಲ್ಫ್ ತಿಂದದ್ದನ್ನು ಅದೇ ರಾತ್ರಿ ಮತ್ತೆ ತುಂಬಿಸಿ, ಅಲ್ಲೇ ಬಿಟ್ಟರೂ ಸರಿ: 10 ದಿನ 13.6 ವೋಲ್ಟಿನಲ್ಲಿ ಹಿಡಿದಿಟ್ಟು, ಆಮೇಲೆ ಆಗಾಗ ಚಿಕ್ಕ ಚಿಕ್ಕ ಗುಟುಕು ಕೊಡುತ್ತಿರುತ್ತದೆ.