ಬೀಟೆ ಕುರ್ಚಿಯ ದುರಸ್ತಿ: ಮಡಿಕೇರಿಯ ಒಂದು ಮರಗೆಲಸದ ಅಂಗಡಿ

ಅಜ್ಜನ ಕಾಲದಿಂದ ನಮ್ಮ ಮನೆಯ ಜಗಲಿಯಲ್ಲಿದ್ದ ಬೀಟೆ ಮರದ ಆರಾಮ ಕುರ್ಚಿಯ ಹಿಂಗಾಲು ಸಡಿಲಗೊಂಡು, ಬೆತ್ತದ ಹೆಣಿಗೆಯೂ ಹರಿದಿದ್ದರಿಂದ, ಕಳೆದ ಮೇ ತಿಂಗಳಲ್ಲಿ ಅದನ್ನು ಮಡಿಕೇರಿಯಲ್ಲಿ ಹಳೆಯ ಪೀಠೋಪಕರಣಗಳನ್ನು ದುರಸ್ತಿ ಮಾಡುವ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಕಾಲು ಚಾಚಲು ಉದ್ದನೆಯ ಕೈಗಳಿರುವ ಈ ಬಗೆಯ ಕುರ್ಚಿ, 1834ರಲ್ಲಿ ಕೊಡಗು ಬ್ರಿಟಿಷರ ವಶವಾಗಿ ಮುಂದೆ ಕಾಫಿ ತೋಟಗಳು ಹಬ್ಬಿದಾಗ ದೊರೆಗಳ ಬಂಗಲೆಗಳಲ್ಲಿ ನೆಲೆಯೂರಿದ್ದು. ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ, ಜಗಲಿಕಂಬಗಳ ನಡುವಿನ ಮರದ ಹಲಗೆಯಾದ ಐಮರದ ಮೇಲೆ ನೆಟ್ಟಗೆ ಕೂರುತ್ತಿದ್ದವರಿಗೆ ಒರಗುವ ರೂಢಿ ಹಿಡಿಸಿದ್ದೂ ಬಹುಶಃ ಅದೇ.

ಅಂಗಡಿಯ ಆಚಾರಿಯವರು ಕುರ್ಚಿಯನ್ನು ಮಗುಚಿ ನೋಡಿ, ಮಾದರಿ ಇಂಗ್ಲಿಷರದಾದರೂ ಕೆಲಸ ಇಲ್ಲಿಯವರದೇ ಎಂದರು; ಹೊರಗೆ ಕಾಣುವುದೆಲ್ಲ ಬೀಟೆ, ಒಳಗಿನ ಅಡ್ಡಪಟ್ಟಿಗಳು ಹಲಸು. ನನಗೆ ಕೂಡಲೇ ನೆನಪಾದವರು ಹದಿನೆಂಟನೆಯ ಶತಮಾನದ ಅಮೆರಿಕದ ವಸಾಹತುಗಳ ಬಡಗಿಗಳು. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಪ್ರಕಟಿಸಿದ ವಿನ್ಯಾಸಗಳ ಪುಸ್ತಕ ಫಿಲಡೆಲ್ಫಿಯಾವನ್ನೂ ತಲುಪಿತ್ತು. ಆದರೆ ಅಲ್ಲಿಯವರು ಚಿತ್ರಗಳನ್ನು ಇದ್ದಂತೆಯೇ ನಕಲು ಮಾಡುತ್ತ ಕೂರದೆ, ವೆಸ್ಟ್ ಇಂಡೀಸಿನಿಂದ ಹಡಗಿನಲ್ಲಿ ಬರುತ್ತಿದ್ದ ಮಹಾಗನಿಯನ್ನೋ ತಮ್ಮ ಕಾಡಿನ ವಾಲ್‌ನಟ್ಟನ್ನೋ ಹೊರಮೈಗೆ ಬಳಸಿ, ಒಳಭಾಗಕ್ಕೆ ಅಗ್ಗದ ಸ್ಥಳೀಯ ಮರ ಹಾಕಿದರು. ಒಂದು ಕಪಾಟು ಲಂಡನ್ನಿನದೋ ಬಾಸ್ಟನ್ನಿನದೋ ಎಂದು ತಿಳಿಯಲು ತಜ್ಞರು ಇಂದಿಗೂ ಆ ಒಳಮರವನ್ನು ಪರೀಕ್ಷಿಸುತ್ತಾರೆ. ಫಿಲಡೆಲ್ಫಿಯಾದ ಅನೇಕ ಕುರ್ಚಿಗಳಲ್ಲಿ ಪಕ್ಕದ ಪಟ್ಟಿಯ ತುದಿ ಹಿಂಗಾಲನ್ನು ತೂರಿಕೊಂಡು ಹಿಂಬದಿಯಲ್ಲಿ ಕಾಣಿಸುತ್ತದೆ. ನನ್ನ ಕುರ್ಚಿಯಲ್ಲೂ ಅಂಥದೇ ಜೋಡಣೆಯಿತ್ತೆಂಬುದು ಕಾಲು ಬಿಚ್ಚಿದಾಗಲೇ ಗೊತ್ತಾದದ್ದು. ಆಚಾರಿಯವರು ಸವೆದ ತುದಿಗೆ ಬೀಟೆಯ ಚಕ್ಕೆ ಸೇರಿಸಿ, ಒಂದು ಮೊಳೆಯನ್ನೂ ಹೊಡೆಯದೆ, ಮರದ ಗೂಟದಿಂದಲೇ ಬಿಗಿ ಮಾಡಿದ್ದಾರೆ. ಹಳೆಯದು ಯಾವುದು, ಹೊಸದು ಯಾವುದು ಎಂದು ಬೆರಳಾಡಿಸಿದರೂ ತಿಳಿಯುವುದಿಲ್ಲ.

ಬೆತ್ತದ ಕೆಲಸಕ್ಕೆ ಇದೇ ಮೆಚ್ಚುಗೆ ಸಲ್ಲದು. ಮೊದಲ ಸಲ ಅವರು ಹೆಣೆದಿದ್ದು ಪ್ಲಾಸ್ಟಿಕ್ ಪಟ್ಟಿ. ಆಕ್ಷೇಪಿಸಿದ ಮೇಲೆ ಬಿಚ್ಚಿ ಬೆತ್ತ ಹಾಕಿದರಾದರೂ ಅದಕ್ಕೆ 1,800 ರೂಪಾಯಿ ಹೆಚ್ಚುವರಿ ಬಿಲ್ ಮಾಡಿದರು. ಮೂರು ವಾರ ಎಂದಿದ್ದ ಕೆಲಸ ಸೆಪ್ಟೆಂಬರ್‌ವರೆಗೆ ಎಳೆಯಿತು. ಮಳೆಗಾಲದ ತೇವಕ್ಕೆ ಅರಗಿನ ಪಾಲಿಶ್ ಬಿಳಿಚಿಕೊಳ್ಳುತ್ತದೆ ಎಂಬ ಅವರ ಕಾರಣ ಸರಿಯೇ, ಆದರೆ ನಮ್ಮೂರಿನ ಮಳೆ ಅವರಿಗೆ ಹೊಸದೇನಲ್ಲವಲ್ಲ. ಕೊಡುವವರು ದೀಪಾವಳಿ ಕಳೆದ ಮೇಲೆ ಕೊಡಲಿ, ‘ಬೆತ್ತ’ ಎಂಬ ಪದವನ್ನು ರಸೀದಿಯಲ್ಲಿ ಮೊದಲೇ ಬರೆಸಿಕೊಳ್ಳಲಿ.