ವಿಮರ್ಶಕರ ಅಂಕ, ನನ್ನ ಅಂಗೈಯ ಬೆವರು

ಭಯಾನಕ ವಿಡಿಯೊ ಆಟದ ಎರಡನೆಯ ಭಾಗ ಹುಟ್ಟುವಾಗಲೇ ಸಾಲ ಹೊತ್ತುಕೊಂಡು ಹುಟ್ಟುತ್ತದೆ. ಮೊದಲ ಭಾಗದಲ್ಲಿ ಬಾಗಿಲು ಕಿರ್ರೆಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಎರಡನೆಯದಕ್ಕೆ ಬರುವ ಹೊತ್ತಿಗೆ ಆ ಬಾಗಿಲ ಹಿಂದೆ ಏನಿರಬಹುದೆಂದು ಆಟಗಾರನಿಗೂ ಗೊತ್ತು, ವಿಮರ್ಶಕನಿಗೂ ಗೊತ್ತು. ಹಾಗಾಗಿ ಇಂಥ ಆಟಗಳ ವಿಮರ್ಶೆಗಳಲ್ಲಿ ಒಂದೇ ಪಲ್ಲವಿ: ‘ಮೊದಲಿನದಕ್ಕಿಂತ ಅಚ್ಚುಕಟ್ಟು, ಆದರೆ ಮೊದಲಿನಷ್ಟು ಹೆದರಿಕೆಯಿಲ್ಲ.’ ಈ ಮಾತು ಎಷ್ಟು ನಿಜ ಎಂದು ನೋಡಲು ಮೂರು ಆಟಗಳನ್ನು ಒಂದರ ಹಿಂದೆ ಒಂದರಂತೆ ಮುಗಿಸಿದೆ. ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ, ರಾತ್ರಿಯಲ್ಲಿ ಮಾತ್ರ. ಪ್ರತಿಯೊಂದರ ವಿಮರ್ಶೆಗಳನ್ನು ಆಡುವ ಮೊದಲೊಮ್ಮೆ, ಆಡಿದ ಮೇಲೊಮ್ಮೆ ಓದಿದೆ.

ಮೂರರಲ್ಲಿ ಎರಡು ಒಂದೇ ವರ್ಷದವು. ‘ಔಟ್‌ಲಾಸ್ಟ್ 2’ 2017ರ ಏಪ್ರಿಲ್‌ನಲ್ಲಿ ಬಂದಿತು. ‘ದಿ ಈವಿಲ್ ವಿದಿನ್ 2’ ಅದೇ ವರ್ಷ ಅಕ್ಟೋಬರ್ 13ರಂದು ಬಂದಿತು. ಅಂದು ಶುಕ್ರವಾರ, ಬೇಕೆಂದೇ ಆರಿಸಿದ ದಿನವಿರಬೇಕು. ಮೂರನೆಯದು 2011ರ ‘ಡೆಡ್ ಸ್ಪೇಸ್ 2’. ಇದನ್ನು ಅಳತೆಗೋಲಾಗಿ ಇಟ್ಟುಕೊಂಡೆ. ಏಕೆಂದರೆ ವಿಮರ್ಶಕರು ಹೆಚ್ಚು ಜಗಳವಿಲ್ಲದೆ ನೂರಕ್ಕೆ 90ರ ಆಸುಪಾಸಿನ ಅಂಕ ಕೊಟ್ಟದ್ದು ಇದಕ್ಕೆ.

ಅದರ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಶನಿಯ ಉಪಗ್ರಹ ಟೈಟನ್‌ನ ಮೇಲಿನ ನಗರ, ಮೊದಲ ಭಾಗದಲ್ಲಿ ಮೂಕನಾಗಿದ್ದ ನಾಯಕ ಐಸಾಕ್ ಕ್ಲಾರ್ಕ್‌ಗೆ ಈಗ ಬಾಯಿ ಬಂದಿದೆ, ಕೈಯಲ್ಲಿ ಆಯುಧವಾಗಿ ಅದೇ ಪ್ಲಾಸ್ಮಾ ಕಟರ್. ಹೊಡೆದಾಟ ಹೆಚ್ಚಾಯಿತು ಎಂದು ಕೆಲವರು ಗೊಣಗಿದರು, ಇತರರೊಡನೆ ಆನ್‌ಲೈನ್ ಆಡುವ ಮಲ್ಟಿಪ್ಲೇಯರ್ ಅನವಶ್ಯಕ ಎಂದು ಹಲವರು ಹೇಳಿದರು. ಎರಡೂ ನಿಜ. ಆದರೆ ಕೊನೆಯ ಹೊತ್ತಿನ ಆ ಕಣ್ಣಿನ ಯಂತ್ರವೊಂದೇ ಸಾಕು. ಐಸಾಕ್ ತಾನಾಗಿಯೇ ಹೋಗಿ ಅದರಲ್ಲಿ ಮಲಗುತ್ತಾನೆ, ಮೇಲಿನಿಂದ ಸೂಜಿ ಇಳಿಯುತ್ತದೆ. ಪಾಪೆ ಅತ್ತಿತ್ತ ಓಡುತ್ತಿರುವಾಗ ಬೆಳಕಿನ ಗುರಿಯನ್ನು ಅದರ ನಡುವಿಗೇ ಹಿಡಿದಿಡಬೇಕಾದವನು ನಾನು. ಅವನ ಉಸಿರು ಏರಿದಂತೆ ನನ್ನ ಹೆಬ್ಬೆರಳು ನಡುಗಿತು. ಗುರಿ ತಪ್ಪಿ ಒಮ್ಮೆ ಕೊಂದೆ. ಎರಡನೆಯ ಸಲ ಸೂಜಿ ಒಳಗೆ ಹೋದಾಗ ನಾನು ನನ್ನ ಕಣ್ಣನ್ನೇ ಮುಚ್ಚಿಕೊಂಡಿದ್ದೆ.

ಈಗ ಔಟ್‌ಲಾಸ್ಟ್ 2. ಮಾಂಟ್ರಿಯಲ್‌ನ ರೆಡ್ ಬ್ಯಾರೆಲ್ಸ್ ಮಾಡಿದ ಆಟ. ಕ್ಯಾಮೆರಾಮನ್ ಬ್ಲೇಕ್ ಲ್ಯಾಂಗರ್‌ಮನ್ ಮತ್ತು ಅವನ ಹೆಂಡತಿ ಲಿನ್ ಇದ್ದ ಹೆಲಿಕಾಪ್ಟರ್ ಅರಿಜೋನಾದ ಮರುಭೂಮಿಯಲ್ಲಿ ಬೀಳುತ್ತದೆ. ಅಲ್ಲಿ ಸಲಿವನ್ ನೋತ್ ಎಂಬ ಪ್ರವಚನಕಾರನನ್ನು ನಂಬಿದ ಜನರ ಊರು. ಬ್ಲೇಕ್‌ನ ಕೈಯಲ್ಲಿ ಆಯುಧವೇ ಇಲ್ಲ. ಇರುವುದು ಬ್ಯಾಟರಿ ನುಂಗುವ ಕ್ಯಾಮೆರಾ. ಆಸ್ಟ್ರೇಲಿಯಾದ ವರ್ಗೀಕರಣ ಮಂಡಳಿ ಮೊದಲು ಇದಕ್ಕೆ ಅನುಮತಿಯನ್ನೇ ನಿರಾಕರಿಸಿ, ಆಮೇಲೆ ವಯಸ್ಕರಿಗೆ ಮಾತ್ರ ಎಂದು ಬಿಟ್ಟಿತು. ಅದನ್ನು ಓದಿಯೇ ಕೊಂಡವರು ಬಹಳ ಜನರಿರಬೇಕು, ನಾನೂ ಅವರಲ್ಲೊಬ್ಬ. ರಕ್ತಕ್ಕೂ ಭಯಕ್ಕೂ ಇರುವ ದೂರ ಆಮೇಲೆ ತಿಳಿಯಿತು.

ವಿಮರ್ಶಕರ ದೂರು ಹೀಗಿತ್ತು: ಚಿತ್ರ, ಶಬ್ದ ಎಲ್ಲ ಅದ್ಭುತ, ಆದರೆ ಬೆನ್ನಟ್ಟುವ ಸನ್ನಿವೇಶಗಳಲ್ಲಿ ಎಲ್ಲಿಗೆ ಓಡಬೇಕೆಂದು ತಿಳಿಯದೆ ಸಾಯುತ್ತೇವೆ, ಮತ್ತೆ ಮತ್ತೆ ಸಾಯುತ್ತೇವೆ. ಅಂಕ 70ರ ಆಚೀಚೆ ತೂಗಾಡಿತು. ಮೊದಲ ಗಂಟೆಯಲ್ಲಿ ‘ಇವರಿಗೇನು ತಲೆ ಕೆಟ್ಟಿದೆಯೇ’ ಅಂದುಕೊಂಡೆ. ಜೋಳದ ಹೊಲದಲ್ಲಿ ನೆಲಕ್ಕಂಟಿ ಕುಳಿತಿದ್ದೇನೆ, ಟಾರ್ಚಿನ ಬೆಳಕು ದಂಟುಗಳ ನಡುವೆ ಸೀಳಿಕೊಂಡು ಬರುತ್ತಿದೆ. ಯಾರೋ ಎಡಗಿವಿಯಲ್ಲಿ ಗೊಣಗಿ, ಸ್ವಲ್ಪ ಹೊತ್ತಿಗೆ ಬಲಗಿವಿಯಲ್ಲಿ ಗೊಣಗುತ್ತಾರೆ. ಕ್ಯಾಮೆರಾದ ಮೈಕನ್ನು ಅತ್ತ ತಿರುಗಿಸಿ ಹೆಜ್ಜೆ ಎಣಿಸಿದೆ. ಎದ್ದು ಓಡಲು ಧೈರ್ಯ ಬರಲಿಲ್ಲ.

ಆಮೇಲೆ ಮಾರ್ತಾ ಬಂದಳು. ಶಿಲುಬೆಯಂಥ ಗುದ್ದಲಿ ಹಿಡಿದ, ಆಳೆತ್ತರ ಮೀರಿದ ಹೆಂಗಸು. ಮೊದಲ ಸಲ ಅವಳ ಗುದ್ದಲಿ ಬಿದ್ದಾಗ ಕುರ್ಚಿಯನ್ನೇ ಹಿಂದಕ್ಕೆ ತಳ್ಳಿದ್ದೆ. ಎರಡನೆಯ ಸಲ ಕೋಪ ಬಂತು. ನಾಲ್ಕನೆಯ ಸಲಕ್ಕೆ ದಾರಿ ಬಾಯಿಪಾಠವಾಗಿತ್ತು: ಎಡಕ್ಕೆ, ಕೆಳಗೆ ನುಸುಳು, ಬಲಕ್ಕೆ, ಹಾರು. ಐದನೆಯ ಸಲ ಅವಳು ನನ್ನನ್ನು ಕೊಲ್ಲುತ್ತಿರುವಾಗ ನಾನು ನೀರು ಕುಡಿಯುತ್ತಿದ್ದೆ. ಭಯ ಹೋಗಿ ಮಗ್ಗಿ ಉಳಿಯಿತು. ವಿಮರ್ಶಕರು ಹೇಳಿದ್ದು ಇದನ್ನೇ, ಅವರ ಕ್ಷಮೆ ಕೇಳಬೇಕು.

ಒಂದು ವಿಷಯದಲ್ಲಿ ಮಾತ್ರ ಕೇಳುವುದಿಲ್ಲ. ನಡುನಡುವೆ ಬರುವ ಶಾಲೆಯ ನೆನಪಿನ ಭಾಗಗಳು ಕಥೆಯ ಓಟಕ್ಕೆ ಅಡ್ಡ ಬಂದವು ಎಂದು ಕೆಲವರು ಬರೆದರು. ಇಡೀ ಆಟದಲ್ಲಿ ನನ್ನ ಮೈ ನಿಜವಾಗಿ ತಣ್ಣಗಾದದ್ದು ಅಲ್ಲಿಯೇ. ಖಾಲಿ ಮೊಗಸಾಲೆ, ಸಾಲು ಲಾಕರ್‌ಗಳು, ಎಲ್ಲೋ ಒಂದು ಬಾಗಿಲು. ಯಾರೂ ಗುದ್ದಲಿ ಹಿಡಿದು ಬರುವುದಿಲ್ಲ ಎಂಬುದೇ ಕಾಡುತ್ತಿತ್ತು.

ಇನ್ನೊಂದು ಮಾತೂ ಇದೆ. ಬಿಡುಗಡೆಯ ನಂತರ ಬಂದ ಅಪ್‌ಡೇಟ್ ಆಟದ ಕಷ್ಟವನ್ನು ತಗ್ಗಿಸಿತು, ಮರುವರ್ಷ ಕಥೆಗಾಗಿ ಆಡುವವರಿಗೆ ಹಗುರ ಮಾಡಿದ ಸ್ಟೋರಿ ಮೋಡ್ ಕೂಡ ಸೇರಿತು. ಮೊದಲ ವಾರ ಬರೆದವರು ಆಡಿದ ಆಟವೂ ಇಂದು ನಾವು ಕೊಳ್ಳುವ ಆಟವೂ ಪೂರ್ತಿ ಒಂದೇ ಅಲ್ಲ. ಅಂಕ ನಿಂತಲ್ಲೇ ನಿಂತಿತು, ಆಟ ಮುಂದೆ ಹೋಯಿತು.

ಈವಿಲ್ ವಿದಿನ್ 2ರ ಕಥೆ ಬೇರೆ. 2014ರ ಮೊದಲ ಭಾಗವನ್ನು ನಿರ್ದೇಶಿಸಿದವರು ಶಿಂಜಿ ಮಿಕಾಮಿ; ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ ಇಟ್ಟು ಬೈಸಿಕೊಂಡಿದ್ದ ಆಟ ಅದು. ಎರಡನೆಯದನ್ನು ಜಾನ್ ಜೊಹಾನಸ್ ಅವರಿಗೆ ಒಪ್ಪಿಸಲಾಯಿತು. ಪಟ್ಟಿಗಳು ಹೋದವು, ಯೂನಿಯನ್ ಎಂಬ ಊರು ಬಂದಿತು. ಅಲ್ಲಿ ಪತ್ತೇದಾರ ಸೆಬಾಸ್ಟಿಯನ್ ಕಳೆದುಹೋದ ಮಗಳು ಲಿಲಿಯನ್ನು ಹುಡುಕುತ್ತಾನೆ, ಯಾವ ಬೀದಿಗೆ ಹೋಗಬೇಕೆಂಬುದು ನಮ್ಮ ಇಷ್ಟ. ವಿಮರ್ಶಕರು ಈ ತೆರೆದ ಊರನ್ನು ಮೆಚ್ಚಿದರು, ಸಂಭಾಷಣೆಯನ್ನು ಹಳಿದರು, ಉತ್ತರಾರ್ಧ ಸೊರಗಿತು ಎಂದರು. ಸಂಭಾಷಣೆಯ ವಿಷಯದಲ್ಲಿ ತಕರಾರಿಲ್ಲ: ಕಣ್ಣೆದುರು ಹೆಣ ಬಿದ್ದಿದ್ದರೂ ‘ಇಲ್ಲಿ ಏನಾಗಿದೆ’ ಎಂದು ಕೇಳುವ ಪತ್ತೇದಾರ ಇವನು. ಸಾವಿನ ಕ್ಷಣವನ್ನು ಫೋಟೊದಂತೆ ಹೆಪ್ಪುಗಟ್ಟಿಸುವ ಸ್ಟೆಫಾನೊ ಎಂಬ ಖಳ ಹೋದ ಮೇಲೆ ಬಂದ ಬೆಂಕಿಯ ಪಾದ್ರಿ ಸಪ್ಪೆ, ಅದೂ ನಿಜ.

ಆದರೆ ಊರು ತೆರೆದಂತೆ ಭಯ ತೆಳುವಾಯಿತು ಎಂಬ ಕೆಲವರ ಮಾತಿಗೆ ಒಪ್ಪಲಾರೆ. ನನ್ನಲ್ಲಿ ಆದದ್ದು ತಿರುವುಮುರುವು. ಸೆಬಾಸ್ಟಿಯನ್‌ನ ಕೈಯಲ್ಲಿರುವ ಸಂಪರ್ಕ ಸಾಧನ ಕಮ್ಯುನಿಕೇಟರ್ ಒಂದು ಮನೆಯಿಂದ ಬರುವ ಸಂಕೇತವನ್ನು ಹಿಡಿಯಿತು. ಹೋಗಲೇಬೇಕೆಂದೇನೂ ಇರಲಿಲ್ಲ. ಪಿಸ್ತೂಲಿನಲ್ಲಿ ಮೂರೇ ಗುಂಡು. ಕಾರಿನ ಮರೆಯಲ್ಲಿ ಕುಳಿತು ಮದ್ದಿನ ಪುಡಿಯಿಂದ ಗುಂಡು ಮಾಡಬಹುದು, ಆದರೆ ಬಯಲಲ್ಲಿ ಮಾಡಿದರೆ ಕಾರ್ಯಾಗಾರದ ಮೇಜಿಗಿಂತ ಹೆಚ್ಚು ಸಾಮಾನು ಖರ್ಚು. ಜಿಪುಣತನ ಗೆದ್ದಿತು, ಮೂರೇ ಗುಂಡಿನಲ್ಲಿ ಒಳಗೆ ಹೋದೆ. ನೋಡುತ್ತಿದ್ದಂತೆ ಮನೆ ಮನೆಯಾಗಿ ಉಳಿಯಲಿಲ್ಲ. ನೀಲಿ ಬೆಳಕಿನ ಓಣಿ, ಕೂದಲು ಇಳಿಬಿಟ್ಟ ಒಂದು ಆಕೃತಿ, ಅವಳ ಬಾಯಲ್ಲಿ ಗುನುಗು. ಅದು ಮೊದಲ ಭಾಗದಲ್ಲಿ ಸುರಕ್ಷಿತ ಕೋಣೆ ಹತ್ತಿರವಿದೆ ಎಂದು ಸಾರುತ್ತಿದ್ದ ರಾಗ. ಅಲ್ಲಿ ಸಮಾಧಾನ ಕೊಟ್ಟ ಸ್ವರವೇ ಇಲ್ಲಿ ಹುಡುಕಿಕೊಂಡು ಬರುತ್ತಿದೆ. ಗುಂಡು ಅವಳಿಗೆ ನಾಟುವುದೂ ಇಲ್ಲ. ಬಗ್ಗಿ ಅಡಗಿ, ಉಸಿರು ಬಿಗಿಹಿಡಿದು ಹೊರಬಿದ್ದೆ. ನನ್ನ ಕಾಲಿನಿಂದಲೇ ನಡೆದು ಹೋದವನು ನಾನು, ಯಾರನ್ನು ಬೈಯಲಿ? ಮಾರ್ತಾ ನನ್ನನ್ನು ಅಟ್ಟಿಸಿಕೊಂಡು ಬಂದವಳು, ಇವಳ ಬಳಿಗೆ ಹೋದವನು ನಾನೇ. ಎರಡನೆಯ ಭಾಗದ ಆಟಗಾರ ಜಾಣನಾಗಿರುತ್ತಾನೆ. ಅವನ ಆಸೆಯನ್ನೇ ಬಲೆಯಾಗಿ ಹೆಣೆದರೆ ಬೀಳುತ್ತಾನೆ.

2018ರ ಫೆಬ್ರುವರಿಯಲ್ಲಿ ಈ ಆಟಕ್ಕೆ ಎಲ್ಲವನ್ನೂ ಪಾತ್ರದ ಕಣ್ಣಿನಿಂದಲೇ ಕಾಣುವ ಫಸ್ಟ್ ಪರ್ಸನ್ ನೋಟವೂ ಸೇರಿತು. ಬಿಡುಗಡೆಯ ಹೊತ್ತಿನ ಯಾವ ವಿಮರ್ಶೆಯಲ್ಲೂ ಇದರ ಸುದ್ದಿ ಇರಲು ಸಾಧ್ಯವಿಲ್ಲ. ಹೊಡೆದಾಟಕ್ಕೆ ಇದು ಹೊಂದುವುದಿಲ್ಲ, ಬೆನ್ನ ಹಿಂದೆ ಬಂದವನು ಕಾಣುವುದೇ ಇಲ್ಲ. ಅದೇ ಓಣಿಯನ್ನು ಮಾತ್ರ ಈ ನೋಟದಲ್ಲಿ ಮತ್ತೊಮ್ಮೆ ದಾಟಿ ನೋಡಿ.

ಒಂದನ್ನೇ ಕೊಳ್ಳುವುದಾದರೆ ನನ್ನ ಆಯ್ಕೆ ಈವಿಲ್ ವಿದಿನ್ 2, ಅದರ ಮೊದಲ ಅರ್ಧಕ್ಕಾಗಿ. ಕಥೆಯೂ ಬಿಗಿಯಾಗಿರಬೇಕು, ಆಟವೂ ಎಲ್ಲಿಯೂ ಎಡವಬಾರದು ಎನ್ನುವವರಿಗೆ ಡೆಡ್ ಸ್ಪೇಸ್ 2. ಆ 90 ಸುಳ್ಳಲ್ಲ. ಔಟ್‌ಲಾಸ್ಟ್ 2 ಬೇಕೆಂದರೆ ಸ್ಟೋರಿ ಮೋಡ್‌ನಲ್ಲಿ ಆಡಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಈಗ ಈವಿಲ್ ವಿದಿನ್ 2ರ ಕ್ಲಾಸಿಕ್ ಮೋಡ್ ಶುರು ಮಾಡಿದ್ದೇನೆ. ಆಟ ತಾನಾಗಿ ಸೇವ್ ಆಗುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಏಳು ಸಲ ಮಾತ್ರ ಸೇವ್ ಮಾಡಬಹುದು. ಮೊದಲನೆಯದನ್ನು ಆಗಲೇ ಖರ್ಚು ಮಾಡಿದೆ, ಆ ಮನೆಗೆ ಹೋಗುವ ಮುಂಚೆ.