ಕರ್ಣ, ಸೀಮೋರ್, ಸ್ವಾಮಿ: ಕಣ್ಣೀರು ಯಾವುದಕ್ಕೆ ಜಾಸ್ತಿ?

ಟೀವಿಯಲ್ಲಿ ನನ್ನನ್ನು ಅಳಿಸಿದ ಮೂರು ದೃಶ್ಯಗಳನ್ನು ಈ ಮಳೆಗಾಲದಲ್ಲಿ ಶಿರಸಿಯ ಮನೆಯಲ್ಲಿ ಆಯಿಯ ಜೊತೆ ಕೂತು ಮತ್ತೆ ನೋಡಿದೆ. ಒಮ್ಮೆ ಸದ್ದಿನೊಂದಿಗೆ, ಒಮ್ಮೆ ಸದ್ದು ಪೂರ್ತಿ ತೆಗೆದು. ಹಿನ್ನೆಲೆ ಸಂಗೀತ ಹಾಕಿ ಅಳಿಸುವುದು ಸುಲಭ ಅಲ್ವಾ? ಅದಿಲ್ಲದೆ ಏನು ಉಳಿಯುತ್ತದೆ ಅಂತ ನೋಡಬೇಕಿತ್ತು.

ಮೊದಲು ಬಿ.ಆರ್. ಚೋಪ್ರಾ ಅವರ 'ಮಹಾಭಾರತ' (1988–90). ಯುದ್ಧಕ್ಕೆ ಮುಂಚೆ ಕುಂತಿ ಕರ್ಣನನ್ನು ಹುಡುಕಿಕೊಂಡು ಬರುತ್ತಾಳೆ. ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ, ಏನೇ ಆದರೂ ನಿನಗೆ ಐದು ಮಕ್ಕಳು ಇದ್ದೇ ಇರುತ್ತಾರೆ ಅನ್ನುತ್ತಾನೆ ಕರ್ಣ. ಪಂಕಜ್ ಧೀರ್ ಚೆನ್ನಾಗಿ ಮಾಡಿದ್ದಾರೆ. ಆದರೆ ಸದ್ದು ತೆಗೆದರೆ ದೃಶ್ಯದ ಜೀವವೇ ಹೋಗುತ್ತದೆ. ಅದರ ದುಃಖ ಇರುವುದು ಮಾತಿನಲ್ಲಿ. ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ; ಅದರಲ್ಲಿ 'ಕರ್ಣಭೇದನ' ಕೇಳಿದವರಿಗೆ ಅದು ಇನ್ನೂ ಕಮ್ಮಿ ಅನಿಸೀತು. ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಆ ಒಂದೇ ಮಾತನ್ನು ಎಳೆಎಳೆಯಾಗಿ ಬಿಡಿಸುತ್ತಾನೆ. ಟೀವಿಗೆ ಅಷ್ಟು ಪುರುಸೊತ್ತಿಲ್ಲ.

ಎರಡನೆಯದು ಅಮೆರಿಕದ ಕಾರ್ಟೂನ್ 'ಫ್ಯೂಚರಾಮಾ'ದ 2002ರ ಒಂದು ಕಂತು. ಸಾವಿರ ವರ್ಷ ಹೆಪ್ಪುಗಟ್ಟಿ ಮಲಗಿ ಎದ್ದ ಫ್ರೈಗೆ ತನ್ನ ನಾಯಿ ಸೀಮೋರ್ ಕಲ್ಲಾಗಿ ಸಿಗುತ್ತದೆ. ಅದಕ್ಕೆ ಮತ್ತೆ ಜೀವ ಕೊಡಬಹುದು. ಆದರೆ ತಾನು ಹೋದ ಮೇಲೂ ಅದು 12 ವರ್ಷ ಬದುಕಿತ್ತು ಅಂತ ತಿಳಿದಾಗ, ನನ್ನನ್ನು ಮರೆತು ಹಾಯಾಗಿತ್ತೇನೋ ಅಂದುಕೊಂಡು ಫ್ರೈ ಸುಮ್ಮನಾಗುತ್ತಾನೆ. ಆಮೇಲೆ ನಿಜ ಏನೆಂದು ನಮಗೆ ಮಾತ್ರ ಕಾಣುತ್ತದೆ. ಪಿಜ್ಜಾ ಅಂಗಡಿಯ ಎದುರು ಬೇಸಿಗೆ, ಹಿಮ, ಮತ್ತೆ ಬೇಸಿಗೆ. ಅಂಗಡಿಯವನೂ ಮುದುಕನಾದ, ನಾಯಿ ಮಾತ್ರ ಜಾಗ ಬಿಡಲಿಲ್ಲ. ಸದ್ದು ತೆಗೆದರೂ ಹೊಟ್ಟೆ ಕಿವುಚಿತು. ಇಂಗ್ಲಿಷ್ ಬಾರದ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನಿಗೆ ಯಾರಾದರೂ ಹೇಳಬಾರದಿತ್ತಾ ಅಂದಳು. 2007ರಲ್ಲಿ ಅದೇ ತಂಡದ ಚಿತ್ರವೊಂದು ಈ ನೋವಿಗೆ ಸಮಾಧಾನ ಹೇಳಿತು. ನನಗದು ಬೇಡವಾಗಿತ್ತು.

ಆದರೂ ನನ್ನ ಓಟು 'ಮಾಲ್ಗುಡಿ ಡೇಸ್'ಗೆ. ನಿರ್ದೇಶಕ ಶಂಕರ್ ನಾಗ್ ನಮ್ಮ ಹೊನ್ನಾವರದ ಕಡೆಯವರು ಅನ್ನುವ ಅಭಿಮಾನ ಇದ್ದೇ ಇದೆ, ಕಾರಣ ಅದಲ್ಲ. ಇಲ್ಲಿ ಯಾರೂ ಸಾಯುವುದಿಲ್ಲ. ಸ್ವಾಮಿ ಮನೆ ಬಿಟ್ಟು ಓಡಿ, ಕಾಡಿನಲ್ಲಿ ದಾರಿ ತಪ್ಪಿ, ಕ್ರಿಕೆಟ್ ಪಂದ್ಯ ತಪ್ಪಿಸಿಕೊಳ್ಳುತ್ತಾನೆ. ಗೆಳೆಯ ರಾಜಂ ಸಿಟ್ಟಾಗಿ ಮಾತು ಬಿಡುತ್ತಾನೆ. ಅಷ್ಟರಲ್ಲಿ ರಾಜಂನ ಪೊಲೀಸ್ ಅಪ್ಪನಿಗೆ ವರ್ಗ. ಪುಸ್ತಕವೊಂದನ್ನು ಹಿಡಿದು ಸ್ವಾಮಿ ಸ್ಟೇಷನ್ನಿಗೆ ಬಂದರೆ ರೈಲು ಹೊರಡುವ ಹೊತ್ತು. ಪುಸ್ತಕವೇನೋ ಸೇರುತ್ತದೆ. ಸಿಟ್ಟು ಇಳಿಯಿತಾ? ಯಾರಿಗೂ ಗೊತ್ತಾಗುವುದಿಲ್ಲ.

ಶಿರಸಿಗೆ ರೈಲಿಲ್ಲ. ನಮ್ಮ ಕ್ಲಾಸಿನ ಬ್ಯಾಂಕಿನವರ, ಫಾರೆಸ್ಟಿನವರ ಮಕ್ಕಳು ವರ್ಗವಾಗಿ ಹೋಗಿದ್ದು ಬಸ್ಸಿನಲ್ಲಿ, ಸಾಮಾನಿನ ಲಾರಿಯ ಹಿಂದೆ. ಅವರಲ್ಲಿ ಒಬ್ಬನ ಜೊತೆ ನನಗೆ ಮಾತು ಬಿಟ್ಟಿತ್ತು. ಸ್ವಾಮಿಯ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್ ಮುಖ ನೋಡಿದಾಗಲೆಲ್ಲ ಅವನೇ ನೆನಪಾಗುತ್ತಾನೆ. ಸೀಮೋರ್ ಮೊದಲ ಸಲ ಜಾಸ್ತಿ ಅಳಿಸುತ್ತದೆ. ಸ್ವಾಮಿಯ ದೃಶ್ಯ ವಯಸ್ಸಾದಷ್ಟೂ ಜಾಸ್ತಿ ಚುಚ್ಚುತ್ತದೆ.

ನೋಡುವುದಾದರೆ ಸ್ವಾಮಿಯ ಕಥೆಯನ್ನು ಮೊದಲ ಕಂತಿನಿಂದಲೇ ನೋಡಿ. ಆ ಹುಡುಗರ ಗೆಳೆತನ ನೋಡದೆ ಬರೀ ಸ್ಟೇಷನ್ ನೋಡಿದರೆ ಏನೂ ಅನಿಸದು.